ಹೆಸರು ಹಾಜರಿ ಪುಸ್ತಕದಲ್ಲೇ ಇರಲಿ: ವೀಕ್ಷಣಾಲಯದಲ್ಲಿ, ಜೈಲಿನಲ್ಲಿ ಓದು ಮುಂದುವರಿಸಲು ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ಹಾಜರಿ ಪುಸ್ತಕದ ಆ ಪುಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂಬತ್ತನೆಯ ತರಗತಿ, ಕ್ರಮಸಂಖ್ಯೆ ಇಪ್ಪತ್ತಮೂರು. ಜುಲೈ ಮೊದಲ ವಾರದವರೆಗೆ ಹಾಜರಿಯ ಗುರುತು, ಆಮೇಲೆ ಸಾಲಾಗಿ ಗೈರು. ಆಗಸ್ಟ್ ಕೊನೆಯಲ್ಲಿ ನಾನೇ ಕೆಂಪು ಶಾಯಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆದು, ಬದಿಗೆ ‘ದೀರ್ಘ ಗೈರು’ ಎಂದು ಬರೆದು ಸಹಿ ಹಾಕಿದ್ದೆ. ಹುಡುಗ ಆಗ ವೀಕ್ಷಣಾಲಯದಲ್ಲಿದ್ದ, ಊರಿನ ಮಾತಿನಲ್ಲಿ ‘ರಿಮಾಂಡ್ ಹೋಮ್’ನಲ್ಲಿ. ಅದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಗೆರೆ ಎಳೆಯುವ ಅಗತ್ಯವೇ ಇರಲಿಲ್ಲ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಮೂರು ತಿಂಗಳಿಗೆ ಅವನು ಹೊರಗೆ ಬಂದ. ಬರುವ ಜೂನ್‌ನಲ್ಲಿ ಸೇರಿಸಿ ಎಂದು ಅವನ ತಾಯಿಗೆ ಹೇಳಿ ಕಳುಹಿಸಿದೆವು. ಜೂನ್ ಬರುವ ಹೊತ್ತಿಗೆ ಅವನು ಗೋವಾದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ.

ಹುಡುಗನ ಹೆಸರನ್ನೂ ಶಾಲೆಯ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಾನೇ ಆರೋಪಿಯಾಗುತ್ತೇನೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಮನೆಯ ಮಗು ವೀಕ್ಷಣಾಲಯಕ್ಕೆ ಹೋದಾಗ, ಅಥವಾ ಮನೆಯ ದೊಡ್ಡವರು ಜೈಲಿಗೆ ಹೋದಾಗ, ಯಾರೂ ಮೊದಲು ಓದಿನ ಬಗ್ಗೆ ಯೋಚಿಸುವುದಿಲ್ಲ. ವಕೀಲರು, ಜಾಮೀನು, ಊರವರ ಬಾಯಿ, ಇಷ್ಟರಲ್ಲೇ ತಿಂಗಳು ಕಳೆಯುತ್ತದೆ. ಓದು ಕೈತಪ್ಪುವುದೂ ಆ ಒಂದು ತಿಂಗಳಲ್ಲೇ. ಆದ್ದರಿಂದ ಯಾವ ಕಾಗದವನ್ನು ಯಾವ ಮೇಜಿಗೆ, ಯಾವಾಗ ಒಯ್ಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಎಲ್ಲಿದ್ದಾನೆ, ಯಾರ ಅಧೀನದಲ್ಲಿದ್ದಾನೆ?

ನಮ್ಮ ಕಡೆ ಎಲ್ಲದಕ್ಕೂ ‘ರಿಮಾಂಡ್ ಹೋಮ್’ ಎನ್ನುವುದು ರೂಢಿ. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಬಾಲ ನ್ಯಾಯ ಕಾಯ್ದೆ ಹಾಗೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದಿಲ್ಲ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗು ವಿಚಾರಣೆ ನಡೆಯುವಾಗ ಇರುವುದು ವೀಕ್ಷಣಾಲಯದಲ್ಲಿ. ವಿಚಾರಣೆ ಮುಗಿದು ಆದೇಶವಾದರೆ ವಿಶೇಷ ಗೃಹ, ಅದೂ ಹೆಚ್ಚೆಂದರೆ ಮೂರು ವರ್ಷ. ಹದಿನೆಂಟು ದಾಟಿದವರನ್ನು, ಹದಿನಾರರಿಂದ ಹದಿನೆಂಟರ ನಡುವೆ ಘೋರ ಅಪರಾಧದ ಆರೋಪ ಹೊತ್ತವರನ್ನು ಇಡಲು ‘ಸುರಕ್ಷಿತ ಸ್ಥಳ’ ಎಂಬ ಬೇರೆ ವ್ಯವಸ್ಥೆ ಇದೆ. ಇವರ ವಿಷಯ ನೋಡುವುದು ಬಾಲ ನ್ಯಾಯ ಮಂಡಳಿ. ಯಾವ ಆರೋಪವೂ ಇಲ್ಲದೆ, ನೋಡಿಕೊಳ್ಳುವವರಿಲ್ಲದ ಕಾರಣಕ್ಕೆ ಬಂದ ಮಕ್ಕಳು ಬಾಲಮಂದಿರದಲ್ಲಿರುತ್ತಾರೆ. ಅವರನ್ನು ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಮಂಡಳಿಗೆ ಕೊಡಬೇಕಾದ ಅರ್ಜಿಯನ್ನು ಸಮಿತಿಗೆ ಕೊಟ್ಟು ಎರಡು ವಾರ ಕಾದವರನ್ನು ನಾನು ಕಂಡಿದ್ದೇನೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರಕ್ಕೆ ಬರುವವರಿಗೆ ಒಂದು ಸಲದ ಓಡಾಟವೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಹಾಗಾಗಿ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ: ಸಂಸ್ಥೆಯ ಹೆಸರು, ಆದೇಶ ಮಾಡಿದವರು ಯಾರು, ಪ್ರಕರಣದ ಸಂಖ್ಯೆ, ಮುಂದಿನ ದಿನಾಂಕ.

ಹದಿನೆಂಟರ ಒಳಗಿನವರನ್ನು ಪೊಲೀಸ್ ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವ ಹಾಗಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಯಸ್ಸಿನ ಬಗ್ಗೆ ತಕರಾರು ಬಂದರೆ ಕಾಯ್ದೆಯ 94ನೇ ಕಲಮು ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ನಮ್ಮ ಕಾಲದ ಶಾಲೆಗಳಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ. ದಾಖಲಾತಿಯ ದಿನ ಯಾರೋ ಮಾಸ್ತರರು ಅಂದಾಜಿಗೆ ಬರೆದ ಆ ದಿನಾಂಕವೇ ಒಬ್ಬ ಹುಡುಗ ಜೈಲಿಗೋ ವೀಕ್ಷಣಾಲಯಕ್ಕೋ ಎಂಬುದನ್ನು ತೀರ್ಮಾನಿಸಬಹುದು. ಹಾಗಾಗಿ ಶಾಲೆಯ ದಾಖಲಾತಿ ಪುಸ್ತಕದ ದೃಢೀಕೃತ ಪ್ರತಿಯನ್ನು ಮೊದಲೇ ತೆಗೆದಿಡಿ. ವಕೀಲರಿಗೂ ಅದು ಬೇಕು, ಓದಿಗೂ ಬೇಕು.

ವಕೀಲರಿಗೆ ದುಡ್ಡಿಲ್ಲ ಎಂದರೆ ಅಂಜಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಕ್ಕಳಿಗೆ, ಮಹಿಳೆಯರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟೆಂದು ಕೇಳುವುದಿಲ್ಲ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕುಗಳಲ್ಲಿ ಸಮಿತಿಗಳಿವೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಮಕ್ಕಳ ಸಹಾಯವಾಣಿ 1098.

ಹೆಜ್ಜೆ 2: ಮುಖ್ಯೋಪಾಧ್ಯಾಯರಿಗೆ ಒಂದು ಪುಟ, ಮೊದಲ ವಾರದಲ್ಲೇ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಓದುವುದಿದ್ದರೆ ಇದನ್ನು ಓದಿ.

ಶಾಲೆಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ನಾನು ಗೆರೆ ಎಳೆದದ್ದು ಕ್ರೌರ್ಯದಿಂದಲ್ಲ. ನನ್ನ ಮೇಜಿನ ಮೇಲೆ ಕಾಗದವಿರಲಿಲ್ಲ. ಪರಿಶೀಲನೆಗೆ ಬಂದವರು ‘ಈ ಹುಡುಗ ಎಲ್ಲಿ’ ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಹೆಡ್‌ಮಾಸ್ತರರೆಂದರೆ ಕಾಗದಕ್ಕೆ ಹೆದರುವ ಜಾತಿ, ಕಾಗದ ಕೈಯಲ್ಲಿದ್ದರೆ ಧೈರ್ಯ ಬರುವ ಜಾತಿಯೂ ಹೌದು. ಆದ್ದರಿಂದ ಕೊಡಿ. ಹೀಗೆ ಬರೆದರೆ ಸಾಕು (ಸ್ಯಾಟ್ಸ್ ಎಂದರೆ ವಿದ್ಯಾರ್ಥಿಗಳ ವಿವರವಿರುವ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ):

“ಮಾನ್ಯ ಮುಖ್ಯೋಪಾಧ್ಯಾಯರೇ, ನನ್ನ ಮಗ (ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ) ಇಂಥ ದಿನಾಂಕದಿಂದ ಸಕ್ಷಮ ಪ್ರಾಧಿಕಾರದ ಆದೇಶದ ಮೇರೆಗೆ ಸರ್ಕಾರದ ಮಕ್ಕಳ ಪಾಲನಾ ಸಂಸ್ಥೆಯಲ್ಲಿ ತಾತ್ಕಾಲಿಕವಾಗಿ ಇದ್ದಾನೆ. ಅವನು ಶಾಲೆ ಬಿಟ್ಟಿಲ್ಲ. ದಯವಿಟ್ಟು ಅವನ ದಾಖಲಾತಿಯನ್ನು ಮುಂದುವರಿಸಬೇಕು, ಈ ಅವಧಿಯ ಪಠ್ಯಪುಸ್ತಕಗಳನ್ನು ಮತ್ತು ನಡೆದಿರುವ ಪಾಠಗಳ ವಿವರವನ್ನು ನನಗೆ ಕೊಡಬೇಕು, ಪರೀಕ್ಷೆಯ ನೋಂದಣಿಯ ಕೊನೆಯ ದಿನಾಂಕಗಳನ್ನು ಮುಂಚಿತವಾಗಿ ತಿಳಿಸಬೇಕು. ಈ ಮಾಹಿತಿಯನ್ನು ಗೋಪ್ಯವಾಗಿ ಇಡಬೇಕೆಂದು ಕೋರುತ್ತೇನೆ.”

ಆರೋಪ ಏನು, ಠಾಣೆ ಯಾವುದು, ಜೊತೆಗಿದ್ದವರು ಯಾರು, ಇವೊಂದನ್ನೂ ಬರೆಯಬೇಡಿ. ಯಾರಾದರೂ ಕೇಳಿದರೂ ಹೇಳಬೇಡಿ. ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಬೇರೆ ಯಾವುದೇ ವಿವರವನ್ನು ಪತ್ರಿಕೆಯಲ್ಲೋ ಇತರ ಮಾಧ್ಯಮದಲ್ಲೋ ಬಯಲು ಮಾಡಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿ ‘ನಮ್ಮೂರ ಹುಡುಗ ನೋಡಿ’ ಎಂದು ಬರೆಯುವ ಉತ್ಸಾಹಿಗಳಿಗೆ ಇದನ್ನು ಒಮ್ಮೆ ಓದಿ ಹೇಳಿ.

ಕಾಗದವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಮೊಹರು ಮತ್ತು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಹಾಕಿ ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಆರರಿಂದ ಹದಿನಾಲ್ಕರ ಮಗುವಾದರೆ ನಿಮ್ಮ ಕೈ ಇನ್ನೂ ಗಟ್ಟಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ವರ್ಗಾವಣೆ ಪತ್ರ ಕೇಳಿದರೆ ಕೂಡಲೇ ಕೊಡಬೇಕು. ಅದು ತಡವಾಯಿತು ಎಂಬ ಕಾರಣಕ್ಕೆ ಇನ್ನೊಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ನೀವಾಗಿಯೇ ವರ್ಗಾವಣೆ ಪತ್ರ ತೆಗೆಸುವ ಅವಸರ ಮಾಡಬೇಡಿ. ಸ್ಯಾಟ್ಸ್‌ನಲ್ಲಿ ಹೆಸರು ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ತರಲು ಇನ್ನೊಂದು ಶಾಲೆಯ ಲಾಗಿನ್, ಇನ್ನೊಬ್ಬರ ಒಪ್ಪಿಗೆ, ಸರ್ವರ್ ಇರುವ ದಿನ, ಎಲ್ಲವೂ ಕೂಡಿಬರಬೇಕು. ‘ಮರ್ಯಾದೆಯಿಂದ ಟಿಸಿ ತೆಗೆದುಕೊಂಡು ಹೋಗಿ’ ಎಂಬ ಸಲಹೆ ಬರುತ್ತದೆ, ಬಂದೇ ಬರುತ್ತದೆ. ನಯವಾಗಿ ‘ಈಗ ಬೇಡ’ ಎನ್ನಿ.

ಶಾಲೆ ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ನಮ್ಮ ಜಿಲ್ಲೆಯಲ್ಲಿ ಇಲ್ಲೊಂದು ತೊಡಕಿದೆ: ಕಂದಾಯಕ್ಕೆ ಒಂದೇ ಜಿಲ್ಲೆಯಾದರೂ ಶಿಕ್ಷಣಕ್ಕೆ ನಾವು ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಕಾರವಾರದ ಡಿಡಿಪಿಐ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾದವರಿಗೆ ಶಿರಸಿಯ ಡಿಡಿಪಿಐ. ಅಂದರೆ ಮುಂಡಗೋಡದ ತಾಯಿ ಶಾಲೆಯ ತಕರಾರಿಗೆ ಶಿರಸಿಗೆ ಹೋಗಬೇಕು, ಮಗನ ಪ್ರಕರಣಕ್ಕೆ ಕಾರವಾರಕ್ಕೆ. ಒಂದೇ ಅರ್ಜಿಯ ಪ್ರತಿಯನ್ನು ಎರಡೂ ಕಡೆ ಕೊಟ್ಟುಬಿಡಿ.

ಹೆಜ್ಜೆ 3: ಎರಡು ವಾರದ ವರದಿಯಲ್ಲಿ ಶಾಲೆ ಬರಲಿ

ಮಗುವನ್ನು ಹಿಡಿದ ವಿಷಯ ತಂದೆತಾಯಿಗೂ ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಆಫೀಸರ್) ಹೋಗಬೇಕು. ಆ ಅಧಿಕಾರಿ ಎರಡು ವಾರದೊಳಗೆ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆ ಹೇಗಿದೆ, ಸಹವಾಸ ಹೇಗಿದೆ, ಓದು ಎಲ್ಲಿಗೆ ಬಂದಿದೆ, ಎಲ್ಲವೂ ಅದರಲ್ಲಿರುತ್ತದೆ. ಮಂಡಳಿಯಲ್ಲಿ ಕುಳಿತಿರುವವರು ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಅವರು ಮಗುವಿನ ಬಗ್ಗೆ ಓದುವ ಮೊದಲ ಕಾಗದಗಳಲ್ಲಿ ಇದೊಂದು.

ಆದ್ದರಿಂದ ಅಧಿಕಾರಿ ಮನೆಗೆ ಬರುವವರೆಗೆ ಕಾಯದೆ ನೀವೇ ಹೋಗಿ. ಕೊನೆಯ ಎರಡು ವರ್ಷದ ಅಂಕಪಟ್ಟಿ, ದಾಖಲಾತಿಯ ಪ್ರತಿ, ಶಾಲೆಗೆ ಕೊಟ್ಟ ಕಾಗದದ ಸ್ವೀಕೃತಿ, ಸಾಧ್ಯವಾದರೆ ತರಗತಿ ಶಿಕ್ಷಕರಿಂದ ನಾಲ್ಕು ಸಾಲು ಒಯ್ಯಿರಿ. ‘ಹುಡುಗ ಒಳ್ಳೆಯವನು’ ಎಂಬ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ‘ಗಣಿತದಲ್ಲಿ ಹಿಂದೆ, ಆದರೆ ಕಬಡ್ಡಿ ತಂಡದಲ್ಲಿದ್ದಾನೆ, ಬಿಡುಗಡೆಯಾದರೆ ಮರುದಿನವೇ ತರಗತಿಗೆ ತೆಗೆದುಕೊಳ್ಳುತ್ತೇವೆ’ ಎಂದು ಬರೆದರೆ ಬೆಲೆಯಿದೆ.

ಏಕೆಂದರೆ ಜಾಮೀನಿನ ಪ್ರಶ್ನೆ ಇದರ ಮೇಲೂ ನಿಂತಿದೆ. ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ಅಪರಾಧಿಗಳ ಸಂಗಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ಕಂಡರೆ ಮಾತ್ರ ನಿರಾಕರಣೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ಶಾಲೆಯಲ್ಲಿರುತ್ತಾನೆ ಎಂಬ ಬರಹದ ಭರವಸೆಯು ಈ ಮೂರೂ ಅನುಮಾನಗಳಿಗೆ ಉತ್ತರ. ಜಾಮೀನು ಸಿಕ್ಕಿಯೂ ಷರತ್ತು ಪೂರೈಸಲಾಗದೆ ಏಳು ದಿನ ಒಳಗೇ ಉಳಿದರೆ, ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು, ಕೇಳಿ. ಅಂತಿಮ ಆದೇಶದ ಜೊತೆಗೂ ಮಂಡಳಿ ‘ಶಾಲೆಗೆ ಹಾಜರಾಗಬೇಕು’ ಎಂದು 18ನೇ ಕಲಮಿನಡಿ ಸೇರಿಸಬಹುದು. ವಕೀಲರಿಗೆ ಹೇಳಿ ಅದನ್ನು ಸೇರಿಸಿಸಿ. ಮಂಡಳಿಯ ಆದೇಶವೇ ಕೈಯಲ್ಲಿದ್ದರೆ ಯಾವ ಶಾಲೆಯೂ ಅವನನ್ನು ಗೇಟಿನಲ್ಲಿ ತಡೆಯುವುದಿಲ್ಲ.

ಹೆಜ್ಜೆ 4: ಒಳಗಿನ ಪಾಠ, ಒಳಗಿನ ಹಾಜರಿ

ಬಾಲ ನ್ಯಾಯ ಕಾಯ್ದೆಯ 53ನೇ ಕಲಮು ಸಂಸ್ಥೆಗಳು ಕೊಡಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಊಟ, ಬಟ್ಟೆ, ವೈದ್ಯರ ಜೊತೆಗೆ ವಯಸ್ಸಿಗೆ ತಕ್ಕ ಶಿಕ್ಷಣವನ್ನೂ ಹೇಳುತ್ತದೆ. ಆರರಿಂದ ಹದಿನಾಲ್ಕರವರಿಗೆ ಶಿಕ್ಷಣ ಹಕ್ಕು ಕಾಯ್ದೆ ಅಲ್ಲಿಯೂ ಅನ್ವಯ. ಕೇಂದ್ರದ 2016ರ ಮಾದರಿ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ: ಕಲಿಕೆ ಸಂಸ್ಥೆಯ ಒಳಗೂ ಆಗಬಹುದು, ಹೊರಗಿನ ಶಾಲೆಯಲ್ಲೂ ಆಗಬಹುದು, ಸೇತುಬಂಧ ತರಗತಿ, ಮುಕ್ತ ಶಾಲೆ, ಅಗತ್ಯವಿದ್ದರೆ ವಿಶೇಷ ಶಿಕ್ಷಕರು, ಹೆಚ್ಚುವರಿ ಪಾಠ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು. ಅದರಲ್ಲಿ ಶಿಕ್ಷಣದ ಅಂಕಣವಿರುತ್ತದೆ. ಅಲ್ಲಿ ‘ಆಸಕ್ತಿ ಇದೆ’ ಎಂದಷ್ಟೇ ಬರೆದು ಬಿಡದಂತೆ, ಯಾವ ತರಗತಿ, ಯಾವ ಮಾಧ್ಯಮ, ಯಾವ ಪರೀಕ್ಷೆ, ಯಾವ ತಿಂಗಳು ಎಂದು ಬರೆಸಿ.

ಮಾಧ್ಯಮದ ಮಾತು ಸಣ್ಣದಲ್ಲ. ಕಾರವಾರದ ಮಗುವಿನ ಮನೆಮಾತು ಕೊಂಕಣಿ, ಓದು ಕನ್ನಡದಲ್ಲಿ. ಭಟ್ಕಳದ್ದು ಉರ್ದು ಶಾಲೆ ಇರಬಹುದು. ಮುಂಡಗೋಡದ ಗೌಳಿವಾಡೆಯ, ಅಂದರೆ ದನಗಾಹಿ ಗೌಳಿಗರ ಕೇರಿಯ, ಮಗುವಿನ ಕತೆಯೇ ಬೇರೆ. ಪಕ್ಕದ ಜಿಲ್ಲೆಯ ಸಂಸ್ಥೆಗೆ ಕಳುಹಿಸಿದರೆ ಮೊದಲ ವಾರ ಮಾತೇ ಆಡದ ಮಕ್ಕಳಿದ್ದಾರೆ. ‘ಓದಲು ಬರುವುದಿಲ್ಲ’ ಎಂದು ಅವರ ಹೆಸರಿನ ಮುಂದೆ ಬರೆದುಬಿಡುತ್ತಾರೆ. ಭೇಟಿಗೆ ಹೋದಾಗ ಅವನ ಶಾಲೆಯ ಪುಸ್ತಕಗಳನ್ನೇ ಒಯ್ಯಿರಿ. ಏನನ್ನು ಒಳಗೆ ಬಿಡುತ್ತಾರೆ ಎಂದು ಮೊದಲು ಫೋನಿನಲ್ಲಿ ಕೇಳಿಕೊಳ್ಳಿ. ತಂತಿ ಸುರುಳಿಯ ನೋಟ್‌ಬುಕ್, ಕೈವಾರದ ಪೆಟ್ಟಿಗೆ ಒಯ್ದು ಗೇಟಿನಲ್ಲೇ ಬಿಟ್ಟು ಬರುವುದಕ್ಕಿಂತ ಹೊಲಿದ ಪುಸ್ತಕ, ಸಾದಾ ಪೆನ್ನು ಉತ್ತಮ.

ಇನ್ನು ಹಾಜರಿಯ ಲೆಕ್ಕ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಶಾಲಾ ಅಭ್ಯರ್ಥಿಯಾಗಿ ಕೂರಲು ಶೇಕಡಾ 75 ಹಾಜರಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆಯಿತು ಎಂದುಕೊಳ್ಳಿ: 165 ದಿನ ಹಾಜರಿರಬೇಕು, 55 ದಿನ ತಪ್ಪಬಹುದು. ಬಾಲ ನ್ಯಾಯ ಮಂಡಳಿಯ ವಿಚಾರಣೆಗೆ ಕಾಯ್ದೆ ಕೊಟ್ಟಿರುವ ಅವಧಿ ನಾಲ್ಕು ತಿಂಗಳು, ಕಾರಣವಿದ್ದರೆ ಇನ್ನೆರಡು. ಜೂನ್‌ನಲ್ಲಿ ಒಳಗೆ ಹೋಗಿ ಅಕ್ಟೋಬರ್‌ನಲ್ಲಿ ಹೊರಬಂದರೆ ಆ 55 ದಿನ ಎಂದೋ ಮುಗಿದಿರುತ್ತದೆ. ಇಷ್ಟು ಲೆಕ್ಕ ಹಾಕಿ ಕೊಟ್ಟರೆ ವಕೀಲರು ಅದನ್ನೇ ಜಾಮೀನಿನ ಅರ್ಜಿಯಲ್ಲಿ ಬರೆಯಬಹುದು.

ಒಳಗಿನ ಪಾಠದ ಹಾಜರಿ ಹೊರಗಿನ ಶಾಲೆಯ ಪುಸ್ತಕಕ್ಕೆ ತಾನಾಗಿ ಹೋಗಿ ಸೇರುವುದಿಲ್ಲ. ಅದನ್ನು ನೀವೇ ಒಯ್ಯಬೇಕು. ಪ್ರತಿ ತಿಂಗಳ ಕೊನೆಗೆ ಸಂಸ್ಥೆಯ ಅಧೀಕ್ಷಕರಿಂದ ಒಂದು ಪ್ರಮಾಣಪತ್ರ ಕೇಳಿ: ಇಂಥ ತಿಂಗಳಲ್ಲಿ ಇಷ್ಟು ದಿನ ಪಾಠ ನಡೆದಿದೆ, ಈ ವಿಷಯಗಳು, ಈ ಮಗು ಇಷ್ಟು ದಿನ ಹಾಜರು. ಅದನ್ನು ಶಾಲೆಗೆ ಕೊಟ್ಟು, ಪ್ರತಿಯನ್ನು ಡಿಡಿಪಿಐಗೆ ಕಳುಹಿಸಿ, ಅವಧಿಯನ್ನು ಪರಿಗಣಿಸುವಂತೆ ಲಿಖಿತ ಮನವಿ ಮಾಡಿ. ವರ್ಷದ ಕೊನೆಗೆ ಒಟ್ಟಿಗೆ ಕೇಳಿದರೆ ಹಳೆಯ ರಿಜಿಸ್ಟರ್ ಹುಡುಕುವವರು ಯಾರೂ ಇರುವುದಿಲ್ಲ.

ಆದರೂ ಹಾಜರಿ ಕಡಿಮೆಯಾಯಿತು ಎಂದಾದರೆ ವರ್ಷ ಹಾಳಾಯಿತು ಎಂದುಕೊಳ್ಳಬೇಡಿ. ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗುವ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಇದೆ: ಹತ್ತನೆಯ ತರಗತಿಯ ಮಟ್ಟಕ್ಕೆ ಹದಿನಾಲ್ಕು ವರ್ಷ, ಹನ್ನೆರಡರ ಮಟ್ಟಕ್ಕೆ ಹದಿನೈದು ವರ್ಷ ತುಂಬಿರಬೇಕು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಊರ್ಜಿತ, ಅಷ್ಟರಲ್ಲಿ ಒಂಬತ್ತು ಪರೀಕ್ಷಾ ಅವಕಾಶ. ಒಂದೊಂದೇ ವಿಷಯ ಮುಗಿಸಬಹುದು. ಎಂದು ಬಿಡುಗಡೆಯೋ ಎಲ್ಲಿಗೆ ವರ್ಗವೋ ಗೊತ್ತಿಲ್ಲದವರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ. ಪಾಠದ ಮಾಧ್ಯಮ ಮತ್ತು ಹತ್ತಿರದ ಅಧ್ಯಯನ ಕೇಂದ್ರವನ್ನು ಮಾತ್ರ ನೋಂದಣಿಗೆ ಮೊದಲೇ ವಿಚಾರಿಸಿ.

ಪರೀಕ್ಷೆಯ ಹೊತ್ತಿಗೆ ಒಳಗೇ ಇದ್ದರೆ ಕನಿಷ್ಠ ಒಂದು ತಿಂಗಳು ಮುಂಚೆ ಮಂಡಳಿಗೆ ಅರ್ಜಿ ಹಾಕಿ. ಪ್ರವೇಶಪತ್ರದ ಪ್ರತಿ, ವೇಳಾಪಟ್ಟಿ, ಕೇಂದ್ರದ ವಿಳಾಸ ಲಗತ್ತಿಸಿ. ಬೆಂಗಾವಲಿನವರು ಸಮವಸ್ತ್ರವಿಲ್ಲದೆ ಬರಬೇಕೆಂದೂ ಕೇಳಿ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಖಾಕಿ ನಿಂತರೆ ಗೋಪ್ಯತೆಯ ಕಲಮು ಅಲ್ಲೇ ಸತ್ತಿತು.

ದುಡ್ಡು ಎಲ್ಲಿಂದ ಬರುತ್ತದೆ, ಯಾರಿಗೆ?

ಅನುದಾನದ ವಿಷಯದಲ್ಲಿ ಎರಡು ಕೊಳವೆಗಳು ಬೇರೆ ಬೇರೆ ಎಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಮಕ್ಕಳ ಸಂಸ್ಥೆಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುತ್ತವೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರ ಪಾಲು. ಸಂಸ್ಥೆಯಲ್ಲಿರುವ ಪ್ರತಿ ಮಗುವಿನ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ. ಜೈಲುಗಳು ರಾಜ್ಯದ ವಿಷಯ. ಅಲ್ಲಿನ ಖರ್ಚು ಗೃಹ ಇಲಾಖೆಯ ಲೆಕ್ಕ. ಹಾಗಾಗಿ ವೀಕ್ಷಣಾಲಯದ ಪುಸ್ತಕದ ಕೊರತೆಯ ದೂರನ್ನು ಶಿಕ್ಷಣ ಇಲಾಖೆಗೆ ಒಯ್ದರೆ ಅವರು ಇನ್ನೊಂದು ಇಲಾಖೆಯ ಕಡೆ ಬೆರಳು ತೋರಿಸುತ್ತಾರೆ, ಅದು ಅವರ ತಪ್ಪಲ್ಲ. ಮಕ್ಕಳ ಸಂಸ್ಥೆಯ ಬಗ್ಗೆ ಕೇಳಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಅಥವಾ ನೇರವಾಗಿ ಮಂಡಳಿಯನ್ನು.

ಕುಟುಂಬದ ಕೈಗೆ ಬರಬಹುದಾದ ಹಣವೆಂದರೆ ಪ್ರಾಯೋಜಕತ್ವ. ಮಗು ಮನೆಯಲ್ಲೇ ಇದ್ದು ಓದಲಿ ಎಂದು ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ನಗರದಲ್ಲಿ 96,000 ಮೀರಿರಬಾರದು. ವಿಧವೆಯರ, ಗಂಡ ಬಿಟ್ಟ ತಾಯಂದಿರ ಮಕ್ಕಳು, ನೆಂಟರ ಮನೆಯಲ್ಲಿರುವ ಅನಾಥರು, ತಂದೆತಾಯಿಗೆ ದುಡಿದು ಸಾಕಲಾಗದ ಸ್ಥಿತಿ ಇರುವವರು ಅರ್ಹರ ಪಟ್ಟಿಯಲ್ಲಿದ್ದಾರೆ. ತಂದೆ ಜೈಲು ಸೇರಿ ಮನೆಯ ಗಳಿಕೆ ನಿಂತಿದ್ದರೆ ಆ ಸಂಗತಿಯನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬೇಕಾಗುವುದು ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಕರಾವಳಿಯ ಮೀನುಗಾರ ಮನೆಗಳಿಗೆ ಒಂದು ಸೂಚನೆ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧದಲ್ಲಿ ದೋಣಿ ದಡದಲ್ಲಿರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ, ಆದರೆ ಸಮಯವಿರುತ್ತದೆ. ನಾಡಕಚೇರಿಯ ಕೆಲಸ ಆಗಲೇ ಮುಗಿಸಿಬಿಡಿ.

ಈ ಹಣಕ್ಕೂ ಹಾಜರಿಗೂ ಗಂಟು ಇದೆ. ಮಗು ಶಾಲೆ ಬಿಟ್ಟರೆ ನೆರವನ್ನು ಮರುಪರಿಶೀಲಿಸಿ ನಿಲ್ಲಿಸಬಹುದು. ಮಗು ಸಂಸ್ಥೆಗೆ ಸೇರಿದರೆ ನಿಲ್ಲುತ್ತದೆ. ಹೊರಗೆ ಬಂದ ಕೂಡಲೇ ಮತ್ತೆ ಕೇಳಬೇಕು. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಯ (ಆಫ್ಟರ್‌ಕೇರ್) ನೆರವು ಬೇರೆಯೇ ಇದೆ. ಅದನ್ನು ಬಿಡುಗಡೆಗೆ ಮುಂಚೆ ಬರೆಸಿದರೆ ಸಿಗುತ್ತದೆ, ಆಮೇಲೆ ಹುಡುಕುತ್ತ ಹೋದರೆ ಕಷ್ಟ.

ಗೋವಾದಲ್ಲಿ ಸಿಕ್ಕಿಬಿದ್ದ ಮಕ್ಕಳು

ಕಾರವಾರದವರಿಗೆ ಮಡಗಾಂವ್ ಶಿರಸಿಗಿಂತ ಹತ್ತಿರ. ಕೆಲಸಕ್ಕೆಂದು ಹೋಗಿ ಅಲ್ಲಿ ಪ್ರಕರಣಕ್ಕೆ ಸಿಕ್ಕ ಮಕ್ಕಳು ನಮ್ಮಲ್ಲಿ ಇದ್ದಾರೆ. ಪ್ರಕರಣ ಅಲ್ಲಿಯ ಮಂಡಳಿಯ ಮುಂದೆ ಹೋಗುತ್ತದೆ, ಮಗು ಅಲ್ಲಿಯ ಸಂಸ್ಥೆಯಲ್ಲಿರುತ್ತದೆ, ಪಾಠ ಗೊತ್ತಿಲ್ಲದ ಮಾಧ್ಯಮದಲ್ಲಿ. ಬಾಲ ನ್ಯಾಯ ಕಾಯ್ದೆಯ 95ನೇ ಕಲಮು ಇದಕ್ಕಾಗಿಯೇ ಇದೆ: ಮಗು ಬೇರೆ ಊರಿನದೆಂದು ವಿಚಾರಣೆಯಲ್ಲಿ ತಿಳಿದರೆ, ಸರಿಯಾದ ವಿಚಾರಣೆ ಮಾಡಿ, ತವರು ಜಿಲ್ಲೆಯ ಮಂಡಳಿಯ ಜೊತೆ ಮಾತಾಡಿ, ಅಲ್ಲಿಗೆ ವರ್ಗಾಯಿಸಬಹುದು. ಬೆಂಗಾವಲಿನ ಆದೇಶ ಬಂದ ಹದಿನೈದು ದಿನದೊಳಗೆ ವಿಶೇಷ ಬಾಲ ಪೊಲೀಸ್ ಘಟಕ ಕರೆತರಬೇಕು. ಹೆಣ್ಣುಮಗುವಾದರೆ ಜೊತೆಗೆ ಮಹಿಳಾ ಪೊಲೀಸ್ ಇರಬೇಕು. ಕೇಳದಿದ್ದರೆ ಇದು ಆಗುವುದಿಲ್ಲ. ಶಾಲೆಯ ವ್ಯಾಸಂಗ ಪ್ರಮಾಣಪತ್ರ ಇಟ್ಟು ಕೇಳಿ.

ದೊಡ್ಡವರು ಜೈಲಿನಲ್ಲಿದ್ದರೆ

ಇಲ್ಲಿ ಹೇಳುವುದು ಕಡಿಮೆ, ಏಕೆಂದರೆ ಹಕ್ಕಿನ ಬಲ ಕಡಿಮೆ. ಕಾರವಾರದ ಜಿಲ್ಲಾ ಕಾರಾಗೃಹದಲ್ಲಿರುವಂಥ ವಿಚಾರಣಾಧೀನರಿಗೆ ಕಡ್ಡಾಯ ದುಡಿಮೆ ಇಲ್ಲ, ಅಂದರೆ ಓದಲು ಸಮಯವಿದೆ. ಆದರೆ ಎಷ್ಟು ದಿನ ಅಲ್ಲಿರುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲ. ದೀರ್ಘ ಶಿಕ್ಷೆಯಾದವರು ಧಾರವಾಡ, ಬೆಳಗಾವಿಯ ಹಿಂಡಲಗದಂಥ ಕೇಂದ್ರ ಕಾರಾಗೃಹಗಳಿಗೆ ಹೋಗುತ್ತಾರೆ. ಅಲ್ಲಿ ವ್ಯವಸ್ಥೆ ಹೆಚ್ಚು, ಮನೆ ದೂರ.

ಅಕ್ಷರ ಬಾರದವರಿಗೆ ಸಾಕ್ಷರತಾ ತರಗತಿ ಸುಲಭದ ಬಾಗಿಲು. ಲೋಕ ಶಿಕ್ಷಣ ನಿರ್ದೇಶನಾಲಯ ಕೈದಿಗಳಿಗಾಗಿ ‘ಕಲಿಕೆಯಿಂದ ಬದಲಾವಣೆ’ ಕಾರ್ಯಕ್ರಮ ನಡೆಸಿದೆ. ಕೇಂದ್ರದ ನವಭಾರತ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗಿನದು. ಹದಿನೈದು ದಾಟಿದ ಯಾರೂ ಸೇರಬಹುದು. ಕಲಿಸುವವರು ಸ್ವಯಂಸೇವಕರು, ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ. ಸ್ವಯಂಸೇವಕರೆಂದರೆ ಒಳಗಿರುವ ಓದಿದ ಕೈದಿಯೂ ಆಗಬಹುದು. ಅಂಥವರು ಕಲಿಸಿದಾಗ ತರಗತಿ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ. ಹೊರಗಿನಿಂದ ಹೋಗುವ ನಮ್ಮಂಥವರಿಗೆ ಮಳೆಗಾಲವೇ ಒಂದು ನೆಪ.

ಮುಂದೆ ಓದುವವರಿಗೆ ಎನ್‌ಐಒಎಸ್ ಇದೆ, ಪದವಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ, ಇದೆ. ಇಗ್ನೊ ಕೈದಿಗಳಿಗೆ ಶುಲ್ಕ ವಿನಾಯಿತಿ ಕೊಡುತ್ತ ಬಂದಿದೆ. ಅರ್ಜಿ ಹೋಗಬೇಕಾದದ್ದು ಜೈಲು ಅಧೀಕ್ಷಕರ ಮೂಲಕ. ಮನೆಯವರ ಕೆಲಸವೆಂದರೆ ಹಳೆಯ ಅಂಕಪಟ್ಟಿಗಳನ್ನು ಹುಡುಕಿ ಒಯ್ಯುವುದು. ವರ್ಗವಾದಾಗ ದಾಖಲಾತಿ ಸಂಖ್ಯೆ ಕೈದಿಯ ಕಡತದ ಜೊತೆಗೇ ಹೋಗಿದೆಯೇ ಎಂದು ಹೊಸ ಜೈಲಿನಲ್ಲಿ ವಿಚಾರಿಸಿ.

ತಾಯಿ ಜೈಲಿನಲ್ಲಿದ್ದು ಸಣ್ಣ ಮಗು ಜೊತೆಗಿದ್ದರೆ, ಸುಪ್ರೀಂ ಕೋರ್ಟ್ 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳಿವೆ. ಮಗು ಆರು ವರ್ಷದವರೆಗೆ ತಾಯಿಯೊಡನಿರಬಹುದು, ಮಗುವನ್ನು ಕೈದಿಯಂತೆ ಕಾಣುವಂತಿಲ್ಲ, ಶಿಶುವಿಹಾರ ಇರಬೇಕು. ಜನನ ಜೈಲಿನಲ್ಲಾಗಿದ್ದರೆ ಪ್ರಮಾಣಪತ್ರದಲ್ಲಿ ಜೈಲಿನ ಹೆಸರು ಬರಬಾರದು. ಒಂದನೆಯ ತರಗತಿಗೆ ಸೇರಿಸುವ ದಿನ ಇದು ನೆನಪಿಗೆ ಬರುತ್ತದೆ. ಅದಕ್ಕೂ ಮುಂಚೆಯೇ ಪ್ರಮಾಣಪತ್ರ ನೋಡಿಕೊಳ್ಳಿ.

ಹೊರಗೆ ಬಂದ ಮರುದಿನ

ಬಿಡುಗಡೆಯ ಆದೇಶದ ಪ್ರತಿಯನ್ನು ಶಾಲೆಗೆ ಕೊಡಬೇಡಿ. ಅದರಲ್ಲಿ ಆರೋಪದ ವಿವರವಿರುತ್ತದೆ. ಸಂಸ್ಥೆಯಿಂದ ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಸರ್ಕಾರದ ಮಕ್ಕಳ ಪಾಲನಾ ಸಂಸ್ಥೆಯಲ್ಲಿದ್ದ, ಇಷ್ಟು ದಿನ ಪಾಠಕ್ಕೆ ಹಾಜರು’ ಎಂಬ ಒಂದು ಸಾಲಿನ ಪತ್ರ ಸಾಕು. ಪ್ರಾರ್ಥನೆಗೆ ಮುಂಚೆ ಅಲ್ಲ, ಮೊದಲ ಗಂಟೆ ಶುರುವಾದ ಮೇಲೆ ಕರೆದೊಯ್ಯಿರಿ. ಪ್ರಾರ್ಥನೆಯ ಸಾಲಿನಲ್ಲಿ ಮುನ್ನೂರು ಕಣ್ಣುಗಳಿರುತ್ತವೆ. ಆಫೀಸ್ ಕೋಣೆಯಲ್ಲಿ ಗುಮಾಸ್ತರದ್ದು ಎರಡೇ.

ಕೊನೆಯದು ಕೆಲಸದ ಮಾತು. ಕದಂಬ ನೌಕಾನೆಲೆಯಲ್ಲೋ ಕೈಗಾ ಪರಮಾಣು ಸ್ಥಾವರದಲ್ಲೋ ಗುತ್ತಿಗೆಯ ಕೆಲಸಕ್ಕೆ ಹೋದರೆ ಪೊಲೀಸ್ ಪರಿಶೀಲನೆ ಬರುತ್ತದೆ ಎಂದು ತಂದೆತಾಯಿಗಳು ಹೆದರುತ್ತಾರೆ, ‘ಓದಿ ಏನು ಮಾಡುವುದು’ ಎನ್ನುತ್ತಾರೆ. 74ನೇ ಕಲಮಿನ ಎರಡನೆಯ ಭಾಗ ಓದಿ: ಪ್ರಕರಣ ಮುಗಿದಿದ್ದರೆ ನಡತೆ ಪ್ರಮಾಣಪತ್ರಕ್ಕಾಗಿ ಮಗುವಿನ ಯಾವ ದಾಖಲೆಯನ್ನೂ ಪೊಲೀಸರು ಬಹಿರಂಗಪಡಿಸುವಂತಿಲ್ಲ. 24ನೇ ಕಲಮಿನ ಪ್ರಕಾರ ಆ ಅಪರಾಧದಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು. ಹದಿನಾರು ದಾಟಿ, ಘೋರ ಅಪರಾಧಕ್ಕೆ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕನಂತೆ ವಿಚಾರಣೆಯಾಗಿ ತಪ್ಪಿತಸ್ಥನೆಂದಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಬಾಲ್ಯದ ಪ್ರಕರಣವನ್ನು ನೇಮಕಾತಿಗೆ ಅಡ್ಡ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ, ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಆಯ್ಕೆಯಾಗಿದ್ದ ಯುವಕನ ಪ್ರಕರಣದಲ್ಲಿ ಹೇಳಿದೆ. ಪರಮಾಣು ಸ್ಥಾವರಗಳ ಗೇಟು ಕಾಯುವುದೂ ಅದೇ ಪಡೆ.